ಕಾಂತೇಶನ ಅಟ್ಟದ ಕಥೆ

ಕೆಲಸ ಸಿಕ್ಕಿದೆ ಎಂದು ಫೋನು ಬಂದಾಗ ಪ್ರೇಮಲತಾ ಬಿಕ್ಕಿ ಬಿಕ್ಕಿ ಅತ್ತಳು. ಅವಳಮ್ಮ ಹನುಮಕ್ಕ ಅದನ್ನು ಸಂತೋಷದ ಅಳು ಎಂದುಕೊಂಡು, ಸೆರಗಿನಿಂದ ಮಗಳ ಮುಖ ಒರೆಸಿ, ಗುಬ್ಬಿಯ ತಮ್ಮ ಬೀದಿಗೆಲ್ಲ ಮೈಸೂರು ಪಾಕು ಹಂಚಲು ಹೊರಟೇಬಿಟ್ಟಳು.

"ಅಷ್ಟೊಂದ್ ಯಾಕಮ್ಮಾ?"

"ಸುಮ್ಕಿರು. ಅಂತರಸನಹಳ್ಳಿ ಫ್ಯಾಕ್ಟ್ರಿಲಿ ಕ್ವಾಲಿಟಿ ಆಫೀಸರ್ ಅಂದ್ರೆ ಹುಡುಗಾಟನಾ? ಇದ್ದಿದ್ದೇ ಒಂದು ಪೋಸ್ಟು, ಅದು ನನ್ ಮಗಳ ಪಾಲಿಗ್ ಬಂತು!"

ಇದ್ದಿದ್ದೇ ಒಂದು ಪೋಸ್ಟು. ಪ್ರೇಮಲತಾಳಿಗೆ ಚುಚ್ಚಿದ್ದು ಆ ಮಾತೇ. ಅದೇ ಪೋಸ್ಟಿಗೆ ಕಾಂತೇಶನೂ ಹೋಗಿದ್ದ. ಅಮ್ಮ ಕೈಗೆ ತುರುಕಿದ ಮೈಸೂರು ಪಾಕನ್ನು ಡಬ್ಬಿಗೇ ವಾಪಸ್ ಹಾಕಿದಳು.

ಕಾಂತೇಶ ಕುಣಿಗಲ್ ಕಡೆಯ ಹುಡುಗ. ತುಮಕೂರಿನ ಕಾಲೇಜಿನಲ್ಲಿ ಇಬ್ಬರೂ ಒಟ್ಟಿಗೆ ಫುಡ್ ಸೈನ್ಸ್ ಓದಿದವರು. ಇಂಟರ್‌ವ್ಯೂಗೆ ತಯಾರಾದದ್ದೂ ಒಟ್ಟಿಗೇ, ಶಿರಾ ಗೇಟಿನ ಒಂದು ಬೇಕರಿಯ ಮೂಲೆ ಟೇಬಲಿನಲ್ಲಿ. ಅವನು ಕೈ ಕಟ್ಟಿಕೊಂಡು, ಇಲ್ಲದ ಕನ್ನಡಕವನ್ನು ಮೂಗಿನ ಮೇಲೇರಿಸಿ ಮ್ಯಾನೇಜರ್ ಆಗುತ್ತಿದ್ದ.

"ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್, ಮಿಸ್ ಪ್ರೇಮಲತಾ."

"ಸರ್, ಐ ಆಮ್ ಫ್ರಮ್ ಗುಬ್ಬಿ..."

"ಟೇಬಲ್‌ಗೆ ಯಾಕಮ್ಮಾ ಹೇಳ್ತಿದೀಯಾ? ನನ್ ಮುಖ ನೋಡ್ಕೊಂಡ್ ಹೇಳು."

"ನಿನ್ ಮುಖ ನೋಡಿದ್ರೆ ಎಲ್ಲಾ ಮರ್ತೋಯ್ತದೆ ಕಣೋ."

ಅಂದವಳೂ ಅವಳೇ, ಅಂದಮೇಲೆ ಕಿವಿಯವರೆಗೆ ಕೆಂಪಾದವಳೂ ಅವಳೇ. ಕಾಂತೇಶ ಇಲ್ಲದ ಕನ್ನಡಕವನ್ನು ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಅವಳ ಕಣ್ಣನ್ನೇ ನೋಡುತ್ತ ಕೂತ. ತಟ್ಟೆಯಲ್ಲಿದ್ದ ಪಫ್ಸು ತಣ್ಣಗಾಯಿತು. ಹೇಳಬೇಕಾದ್ದನ್ನು ಮಾತ್ರ ಅವನು ಹೇಳಲಿಲ್ಲ. ಮೊದಲು ಕೆಲಸ, ಆಮೇಲೆ ಮಿಕ್ಕಿದ್ದೆಲ್ಲ ಅನ್ನುವ ಜಾತಿ ಅವನದು.

ನೀವು ಬಿಡಿಸಿದ ಒಂದು ಸಮಸ್ಯೆ ಹೇಳಿ ಎಂದು ಇಂಟರ್‌ವ್ಯೂನಲ್ಲಿ ಕೇಳೇ ಕೇಳುತ್ತಾರೆ ಎಂದವನು ಅವನೇ. ಅವನ ಉತ್ತರ ಸಿದ್ಧವಿತ್ತು. ಅವರ ಮನೆಯ ಅಟ್ಟದಲ್ಲಿ ಕೊಬ್ಬರಿಗೆಂದು ತೆಂಗಿನಕಾಯಿ ಹಾಕಿ ವರ್ಷವಿಡೀ ಒಣಗಿಸುತ್ತಾರೆ. ಒಂದು ಸಲ ಮೂಲೆಯ ಕಾಯಿಗಳಿಗೆಲ್ಲ ಬೂಷ್ಟು ಹಿಡಿಯಿತು. ಯಾರದೋ ಕಣ್ಣು ಬಿದ್ದಿದೆ ಎಂದರು ಮನೆಯವರು. ಕಾಂತೇಶ ಅಟ್ಟ ಹತ್ತಿ ನೋಡಿದ. ಹಳೆ ಕಾಯಿಯ ಮೇಲೇ ಹೊಸ ಕಾಯಿ ಸುರಿದು ಗಾಳಿಯಾಡದೆ ಹೀಗಾಗಿದೆ ಎಂದು ಕಂಡುಹಿಡಿದು, ಒಂದೊಂದು ಕೊಯ್ಲಿಗೂ ಬೇರೆ ಬೇರೆಯಾಗಿ ಬಿದಿರಿನ ತಡಿಕೆ ಕಟ್ಟಿದ. ಅದನ್ನು ಹೇಳುವಾಗ ಅವನ ಕೈಗಳು ಗಾಳಿಯಲ್ಲೇ ತಡಿಕೆ ಕಟ್ಟುತ್ತಿದ್ದವು. ಪ್ರೇಮಲತಾ ಆ ಕೈಗಳನ್ನೇ ನೋಡುತ್ತ ಎಷ್ಟು ಸಲ ಕೇಳಿದ್ದಳೋ, ಕಥೆ ಬಾಯಿಪಾಠವಾಗಿತ್ತು.

ಬಾಯಿಪಾಠವಾದದ್ದೇ ಮುಳುವಾಯಿತು ನೋಡಿ. ಅಂತರಸನಹಳ್ಳಿಯದು ತೆಂಗಿನಪುಡಿ ಮಾಡುವ ಫ್ಯಾಕ್ಟರಿ. ಇಂಟರ್‌ವ್ಯೂ ದಿನ ಅವಳ ಸರದಿ ಕಾಂತೇಶನಿಗಿಂತ ಮೊದಲು ಬಂತು. ಪ್ರಾಕ್ಟಿಕಲ್ಲು ಹೂವೆತ್ತಿದಷ್ಟು ಸಲೀಸಾಗಿ ಮುಗಿಯಿತು. ಆಮೇಲೆ ಆ ಪ್ರಶ್ನೆ ಎದುರಾಯಿತು. ಹಾಸ್ಟೆಲಿನ ನೀರಿನ ಟ್ಯಾಂಕಿನ ಬಗ್ಗೆ ತಾನು ಸಿದ್ಧಮಾಡಿಕೊಂಡಿದ್ದ ಉತ್ತರ ಒಂದಕ್ಷರವೂ ನೆನಪಾಗಲಿಲ್ಲ. ಎದುರಿಗೆ ಕೂತವರು ಕಾಯುತ್ತಿದ್ದರು. ಬಾಯಿ ತೆರೆದರೆ ಹೊರಟದ್ದು, "ನಮ್ಮನೆ ಅಟ್ಟದಲ್ಲಿ ಸರ್..."

ಗುಬ್ಬಿಯಲ್ಲಿ ಅವಳದು ಆರ್‌ಸಿಸಿ ಮನೆ. ಅಪ್ಪ ಟೈಲರ್. ಅಟ್ಟವೂ ಇಲ್ಲ, ಒಂದು ತೆಂಗಿನ ಮರವೂ ಇಲ್ಲ. ಆದರೂ ಹೇಳಿದಳು. ಗಾಳಿಯಲ್ಲಿ ತಡಿಕೆ ಕಟ್ಟಿ ತೋರಿಸಿದಳು ಬೇರೆ! ಎಲ್ಲರೂ ತಲೆದೂಗಿದರು.

ಹೊರಬಂದಾಗ ಕಾಂತೇಶ ಒಳಗೆ ಹೊರಟಿದ್ದ. ಹೆಂಗಾಯ್ತು ಎಂದು ಹುಬ್ಬಿನಲ್ಲೇ ಕೇಳಿದ. ಅಟ್ಟದ ಕಥೆ ಬೇಡ, ಬೇರೆ ಹೇಳು ಎಂದು ಎಚ್ಚರಿಸಲು ಅವಳಿಗೆ ಸಮಯವಿತ್ತು. ಎಚ್ಚರಿಸಲಿಲ್ಲ. ಸುಮ್ಮನೆ ನಕ್ಕಳು. ಅಯ್ಯೋ, ಆ ನಗು ನೆನಪಾದಾಗಲೆಲ್ಲ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತಿತ್ತು ಅವಳಿಗೆ. ಅಂದಿನಿಂದ ಅವನು ಅವಳ ಫೋನನ್ನೇ ಎತ್ತಿರಲಿಲ್ಲ.

ಮೈಸೂರು ಪಾಕು ಹಂಚಿದ ಮರುದಿನ ಅವಳು ತುಮಕೂರಿನಲ್ಲಿ ಬಸ್ಸು ಬದಲಾಯಿಸಿ ಕುಣಿಗಲ್ಲಿನಲ್ಲಿ ಇಳಿದಳು. ಕೆರೆ ಏರಿಯ ಮೇಲಿದ್ದೇನೆ, ನೀನು ಬರುವ ತನಕ ಹೋಗುವುದಿಲ್ಲ ಎಂದು ಮೆಸೇಜು ಹಾಕಿದಳು. ಬಿಸಿಲೇರಿದ ಮೇಲೆ ಬೈಕು ಬಂತು. ಅವನು ಇಳಿಯಲೂ ಇಲ್ಲ, ಎಂಜಿನ್ನು ಆಫ್ ಮಾಡಲೂ ಇಲ್ಲ.

"ಕಂಗ್ರಾಟ್ಸ್" ಎಂದ, ಕೆರೆಯ ಕಡೆ ನೋಡುತ್ತ.

"ನಿನ್ ಅಟ್ಟದ್ ಕಥೆ ನಾನ್ ಹೇಳ್ಬುಟ್ಟೆ ಕಣೋ. ನಂದೇ ಅಂತ ಹೇಳ್ಬುಟ್ಟೆ."

"ಗೊತ್ತು."

"ಗೊತ್ತಾ? ಹೆಂಗೆ?"

ಎಂಜಿನ್ನು ಆಫಾಯಿತು. "ನಾನ್ ಶುರು ಮಾಡ್ತಿದ್ದಂಗೇ ಅಲ್ಲಿದ್ದೋರೊಬ್ರು ನಕ್ಬುಟ್ರು. ಏನ್ರೀ, ಈ ಜಿಲ್ಲೆ ಅಟ್ಟಕ್ಕೆಲ್ಲಾ ಬೂಷ್ಟು ಹಿಡ್ದೈತಾ, ಯಾರತ್ರ ಕದ್ರಿ ಈ ಉತ್ತರಾನ ಅಂದ್ರು."

"ನೀನೇನಂದೆ?"

"ಫ್ರೆಂಡ್ ಹೇಳಿದ್ದು ಸರ್, ತಪ್ಪಾಯ್ತು ಅಂದೆ."

ಪ್ರೇಮಲತಾ ಏರಿಯ ಕಲ್ಲಿನ ಮೇಲೆ ಕೂತಳು. ತನ್ನ ಮನೆಯ ಅಟ್ಟಕ್ಕೆ ತಾನೇ ಕಳ್ಳನಾಗಿ ನಿಂತಿದ್ದ ಪುಣ್ಯಾತ್ಮ, ಅದೂ ಅವಳಿಗೋಸ್ಕರ.

"ನಿಜ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನ್ ಸಿಕ್ಕಾಕ್ಕೊಳ್ತಿದ್ದೆ. ಬಾಯ್ ಬರ್ಲಿಲ್ಲ. ಹಂಗಂತ ನನ್ನೇನ್ ದೇವ್ರು ಅಂದ್ಕೋಬೇಡ. ಮನೆಗ್ ಬಂದು ಚೆನ್ನಾಗ್ ಬೈಕೊಂಡೆ ನಿನ್ನ. ನಿನ್ ಹೆಸ್ರು ಬಂದ್ರೆ ಫೋನ್ ಮೊಕ ಕೆಳಗ್ ಮಾಡಿ ಮಡಗ್ತಿದ್ದೆ."

"ಈಗ್ಲೂ ಬೈಯಿ. ನಾನ್ ಬೈಸ್ಕೋಬೇಕು."

"ಬೈದ್ರೆ ನಿನ್ ಮನ್ಸು ಹಗುರಾಯ್ತದೆ. ನಂದು?"

ಅವಳು ಕಣ್ಣೊರೆಸಿಕೊಂಡು ಎದ್ದಳು. "ನಾಳೆನೇ ಹೋಗಿ ಅವ್ರಿಗೂ ಹೇಳ್ತೀನಿ."

"ಕೆಲ್ಸ ಹೋಯ್ತದೆ ಕಣೇ!"

"ಹೋದ್ರೆ ಹೋಗ್ಲಿ." ಅಂದಳೇನೋ ನಿಜ. ಆದರೆ ಗಿರಾಕಿಗಳ ಅಳತೆ ತೆಗೆಯುತ್ತಲೇ ಮಗಳ ಕೆಲಸದ ಸುದ್ದಿ ಹೇಳುತ್ತಿದ್ದ ಅಪ್ಪನ ಮುಖ ಕಣ್ಣಮುಂದೆ ಬಂತು.

ಕಾಂತೇಶ ಆಗ ಅವಳ ಕಡೆ ತಿರುಗಿದ. "ನಾನೂ ಬರ್ತೀನಿ. ಒಳಕ್ಕಲ್ಲ, ಗೇಟ್ ಗಂಟ" ಎಂದ.

ಫ್ಯಾಕ್ಟರಿಯಲ್ಲಿ ನೇಮಕದ ಕೆಲಸ ನೋಡಿಕೊಳ್ಳುವವರು ಶ್ರೀವಾಣಿ ಮೇಡಂ. ಪ್ರೇಮಲತಾ ನಿಂತೇ ಎಲ್ಲ ಹೇಳಿದಳು. ತನ್ನ ನಗುವನ್ನೂ ಬಿಡದೆ ಹೇಳಿದಳು. ಮೇಡಂ ಪೆನ್ನು ಕೆಳಗಿಟ್ಟರು. ಅವಳ ಫೈಲು ತೆರೆದು ನೋಡಿದರು.

"ಪ್ರಾಕ್ಟಿಕಲ್‌ನಲ್ಲಿ ನಿಮಗೇ ಜಾಸ್ತಿ ಮಾರ್ಕ್ಸು. ಅದನ್ನ ನೀವು ಯಾರತ್ರನೂ ಕದ್ದಿಲ್ಲ, ಅದಕ್ಕೇ ಕೆಲಸ ವಾಪಸ್ ತಗೊಳ್ತಿಲ್ಲ. ಆದ್ರೆ ಬೇರೆಯವರ ಮಾಲಿಗೆ ನಿಮ್ಮ ಲೇಬಲ್ ಅಂಟಿಸೋರು ಕ್ವಾಲಿಟಿ ಏನು ನೋಡ್ತೀರಿ? ಪ್ರೊಬೇಷನ್ ಡಬಲ್ ಮಾಡ್ತೀನಿ. ಇನ್ನೊಂದು ಸುಳ್ಳು ಸಿಕ್ಕಿದ್ರೆ ಅವತ್ತೇ ಮನೆಗೆ."

"ಸರಿ ಮೇಡಂ. ಕಾಂತೇಶಂಗೆ..."

"ಅವರನ್ನ ಮತ್ತೆ ಕರೀತೀವಿ. ಕೆಲಸ ಕೊಡ್ತೀವಿ ಅಂತಲ್ಲ. ಇನ್ನೊಂದು ಪ್ರೊಡಕ್ಷನ್ ಲೈನು ಶುರುವಾದಾಗ ನೋಡಣ." ಮೇಡಂ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. "ಅಂದಹಾಗೆ, ಅವರು ನಿಮಗೆ ಏನಾಗ್ಬೇಕು?"

ಹೊರಗೆ ಕಾಂತೇಶ ಬೈಕಿಗೆ ಒರಗಿ ಉಗುರು ಕಚ್ಚುತ್ತಿದ್ದ. ಅವಳು ಒಳಗೆ ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಕೊನೆಯ ಪ್ರಶ್ನೆಗೆ ಬಂದು ನಿಂತುಬಿಟ್ಟಳು.

"ಏನಾಗ್ಬೇಕು ಅಂತ ಕೇಳಿದ್ರಾ? ನೀನೇನಂದೆ?"

"ಮದ್ವೆ ಆಗೋ ಹುಡುಗ ಅಂದ್ಬುಟ್ಟೆ."

ಕಾಂತೇಶನ ಕೈ ಬಾಯಿಂದ ಕೆಳಗಿಳಿಯಿತು. "ನನ್ನ ಒಂದ್ ಮಾತ್ ಕೇಳ್ದೆ?"

"ಬಾಯಿಗ್ ಬಂದ್ಬುಡ್ತು ಕಣೋ."

"ನಿನ್ ಬಾಯಿಗ್ ಬೀಗ ಹಾಕ್ಬೇಕು. ಅವತ್ತು ನನ್ ಅಟ್ಟ ಎತ್ಕೊಂಡೋದೆ, ಇವತ್ತು ನನ್ನೇ."

ಅವಳಿಗೆ ನಗುವೂ ಬಂತು, ಅಳುವೂ ಬಂತು. "ಇನ್ನೊಂದು ಸುಳ್ಳು ಸಿಕ್ಕಿದ್ರೆ ಅವತ್ತೇ ಮನೆಗೆ ಅಂದವ್ರೆ."

ಕಾಂತೇಶ ಅವಳನ್ನು ನೋಡಿದ. ಕಿವಿ ಕೆಂಪಾಗುವ ಸರದಿ ಈಗ ಅವನದು.

"ಹಂಗಾರೆ ಅದನ್ನ ನಿಜ ಮಾಡ್ಲೇಬೇಕು" ಎಂದ ಮೆಲ್ಲಗೆ. "ನಿಮ್ಮಪ್ಪನತ್ರ ಮಾತಾಡಕ್ಕೆ ಯಾವತ್ತು ಬರ್ಲಿ?"

"ಕಾಂತೇಶ, ನನ್ನ ಪೂರ್ತಿ ಕ್ಷಮಿಸಿದೀಯಾ?"

"ಇಲ್ಲ. ಒಸಿ ಕೋಪ ಇನ್ನೂ ಐತೆ. ಇಟ್ಕೊಂಡೇ ಬರ್ತೀನಿ."

ಅವಳು ಬೈಕಿನ ಹಿಂದೆ ಹತ್ತಿ ಕೂತು ಅವನ ಹೆಗಲು ಹಿಡಿದುಕೊಂಡಳು.

"ಭಾನ್ವಾರ ಬಾ" ಎಂದಳು. "ಅವತ್ತು ಅಪ್ಪ ಅಂಗ್ಡಿ ತೆಗ್ಯಲ್ಲ."