ಡಿಲಿಸಳಿಗಿಂತ ಮೊದಲು ಸರ್ಕಾರಕ್ಕೆ ಗೊತ್ತಾದದ್ದು

"ಮದುವೆ ಯಾವಾಗ ಅಂತ ಏನಾದ್ರೂ ಮಾತಾಡ್ಕೊಂಡಿದ್ದೀರಾ, ಮಿಸ್ ಪ್ರಾಸರ್?"

ಡಿಲಿಸ್ ಪ್ರಾಸರ್ ತನ್ನ ಅಂಗಡಿಯಲ್ಲಿ ಕೂತು ನೀಲಿ ಉಣ್ಣೆ ಸುತ್ತುತ್ತಿದ್ದಳು. ಕೈ ನಿಂತಿತು.

"ಯಾರ ಮದುವೆ?"

"ನಿಮ್ಮದೇ."

"ಯಾರ ಜೊತೆ?"

ಎದುರಿಗೆ ಕೂತಿದ್ದ ಗಾರ್ಸೈಡ್ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದವನು ಅರ್ಧಕ್ಕೇ ತಡೆದ. ಮೊದಲು ಪೊಲೀಸಿನಲ್ಲಿದ್ದು, ನಿವೃತ್ತನಾದ ಮೇಲೆ ಸರ್ಕಾರದ ಪರವಾಗಿ ಮನೆಮನೆ ತಿರುಗಿ ಜನರ ಬಾಳು ವಿಚಾರಿಸುವ ಮನುಷ್ಯ ಅವನು. ಅಳುವವರನ್ನು ಕಂಡಿದ್ದ, ಬೆವರುವವರನ್ನು ಕಂಡಿದ್ದ, ದೇವರ ಮೇಲೆ ಆಣೆಯಿಟ್ಟು ಸುಳ್ಳು ಹೇಳುವವರನ್ನೂ ಕಂಡಿದ್ದ. ಆದರೆ ಈ ಹೆಂಗಸಿನ ಮುಖದಲ್ಲಿ ಕಂಡ ಬೆರಗನ್ನು ನಟಿಸಲು ಯಾರಿಂದಲೂ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ರೋಲಂಡ್ ಫಿಚ್ ಅವರ ಜೊತೆ," ಎಂದ, ಮೆಲ್ಲಗೆ.

ಉಣ್ಣೆಯ ಉಂಡೆ ಮಡಿಲಿನಿಂದ ಜಾರಿ, ಅಂಗಡಿಯ ನೆಲದ ಮೇಲೆ ಉರುಳಿ ಉರುಳಿ ಬಾಗಿಲಿನವರೆಗೂ ಹೋಯಿತು. ಹಿಡಿಯಬೇಕೆಂದು ಅವಳಿಗೆ ತೋಚಲೇ ಇಲ್ಲ.

ಚೆಲ್ಟನಮ್ ಎಂಬ ಆ ಇಂಗ್ಲಿಷ್ ಪಟ್ಟಣದಲ್ಲಿ ಊರಾಚೆಯ ದೊಡ್ಡ ಸರ್ಕಾರಿ ಕಟ್ಟಡಕ್ಕೆ ಎಲ್ಲರೂ ಆಫೀಸು ಎನ್ನುತ್ತಾರೆ, ಅಷ್ಟೇ. ಅಲ್ಲೇನು ಕೆಲಸ ಎಂದು ಹೆಂಡತಿ ಗಂಡನನ್ನು ಕೇಳುವುದಿಲ್ಲ, ಕ್ಷೌರದವನು ಗಿರಾಕಿಯನ್ನು ಕೇಳುವುದಿಲ್ಲ, ಪಾದ್ರಿ ಕೂಡ ಕೇಳುವುದಿಲ್ಲ. ರೋಲಂಡ್ ಫಿಚ್ ಇಪ್ಪತ್ತು ವರ್ಷದಿಂದ ಅಲ್ಲಿದ್ದ. ಕಾಗದಪತ್ರದ ಕೆಲಸ ಎನ್ನುತ್ತಿದ್ದ. ಊರೆಲ್ಲ ಹಾಗೇ ಎನ್ನುತ್ತಿತ್ತು.

"ನಮ್ಮಲ್ಲಿ ಒಂದು ನಿಯಮ ಇದೆ," ಎಂದ ಗಾರ್ಸೈಡ್. "ಒಳಗಿನ ಕೆಲಸದಲ್ಲಿರೋರ ಮನಸ್ಸು ಯಾರ ಮೇಲಾದ್ರೂ ನಿಂತ್ರೆ ಬಂದು ಹೇಳ್ಬೇಕು. ಬಚ್ಚಿಟ್ಟ ಪ್ರೀತಿ ಅಂದ್ರೆ ಬಾಗಿಲಿಗೆ ಹೊರಗಡೆಯಿಂದ ಹಿಡಿ ಹಾಕಿದ ಹಾಗೆ. ಬೇಡದವನು ಬಂದು ತಿರುಗಿಸ್ತಾನೆ. ಹೇಳ್ಬಿಟ್ರೆ ಆ ಹಿಡಿ ಬಿದ್ದೋಗುತ್ತೆ. ಫಿಚ್ ಬಂದು ಹೇಳಿದ್ರು. ಮಿಸ್ ಪ್ರಾಸರ್ ಅವರನ್ನ ಮದುವೆಯಾಗ್ಬೇಕು ಅಂತಿದ್ದೀನಿ ಅಂದ್ರು."

"ನನಗೆ ಹೇಳಿಲ್ಲ."

"ಅದು ಈಗ ನನಗೂ ಗೊತ್ತಾಯ್ತು." ಅವನು ಚಹಾದ ಒಂದು ಗುಟುಕು ತೆಗೆದುಕೊಂಡ. "ಇಷ್ಟು ವರ್ಷದಲ್ಲಿ ಇಂಥಾದ್ದು ಇದೇ ಮೊದಲು."

ಹಿಂದಿನ ಪರದೆಯಾಚೆ ಹೆಣಿಗೆ ಕಡ್ಡಿಯೊಂದು ಠಣ್ಣೆಂದು ಬಿತ್ತು.

"ಒಳಗೆ ಬೆಕ್ಕಿದೆಯಾ?"

"ಚಿಕ್ಕಮ್ಮ ಇದ್ದಾರೆ."

"ಕಿವಿ ಕೇಳುತ್ತಾ?"

"ಬೇಕಾದಾಗ ಕೇಳುತ್ತೆ," ಎಂದಳು ಡಿಲಿಸ್. ತನ್ನ ದನಿ ಎಲ್ಲೋ ದೂರದಿಂದ ಬಂದಂತೆ ಅವಳಿಗೇ ಕೇಳಿಸಿತು.

ಅವಳಿಗೆ ಚರ್ಚಿನ ಗಂಟೆಗೋಪುರ ನೆನಪಾಯಿತು. ಭಾನುವಾರ ಬೆಳಗಿನ ಪ್ರಾರ್ಥನೆಗೆ ಮೊದಲು ಅವರೆಲ್ಲ ಸುತ್ತ ನಿಂತು ಒಬ್ಬೊಬ್ಬರೂ ಒಂದೊಂದು ಹಗ್ಗ ಎಳೆಯುತ್ತಿದ್ದರು. ಗಂಟೆಗಳ ಸರದಿ ಸುತ್ತುಸುತ್ತಿಗೂ ಬದಲಾಗುತ್ತಿತ್ತು. ನಿಮಗಿಂತ ಮೊದಲು ಬಾರಿಸುವವರು ಯಾರೋ ಅವರ ಕೈಯನ್ನೇ ನೋಡುತ್ತಿರಬೇಕು, ಇಲ್ಲದಿದ್ದರೆ ನಾದ ಕೆಡುತ್ತದೆ. ರೋಲಂಡನ ಗಂಟೆ ಬಹಳ ಸಲ ಅವಳ ಗಂಟೆಯ ಹಿಂದೆಯೇ ಬರುತ್ತಿತ್ತು. ಹಾಗಾಗಿ ಅವನು ಅವಳನ್ನು ನೋಡಲೇಬೇಕಿತ್ತು. ಇದರಲ್ಲಿ ಅರ್ಥ ಹುಡುಕಬಾರದು ಎಂದು ಎರಡು ವರ್ಷ ತನಗೆ ತಾನೇ ಬುದ್ಧಿ ಹೇಳಿಕೊಂಡಿದ್ದಳು ಡಿಲಿಸ್.

ಒಂದು ದಿನ ಎಲ್ಲರೂ ಹಗ್ಗ ಕಟ್ಟಿ, ಕೋಟು ಹಾಕಿಕೊಳ್ಳುತ್ತಿದ್ದಾಗಲೂ ಅವನು ನೋಡುತ್ತಲೇ ಇದ್ದ.

"ಗಂಟೆ ನಿಂತಾಯ್ತು, ಫಿಚ್," ಎಂದು ಅವಳು ಕೆಣಕಿದ್ದಳು.

"ಹೌದಾ?" ಎಂದಿದ್ದ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ. ಕನ್ನಡಕವಿಲ್ಲದ ಕಣ್ಣು ಎಳೆಮಗುವಿನ ಕಣ್ಣಿನ ಹಾಗಿತ್ತು. "ನನಗಿನ್ನೂ ಕೇಳಿಸ್ತಾನೇ ಇದೆ."

ಅವತ್ತು ಅವನು ಅಷ್ಟು ಹೇಳಿ ಕಿವಿಯವರೆಗೂ ಕೆಂಪಾಗಿ ಮೆಟ್ಟಿಲಿಳಿದು ಹೋಗಿದ್ದ. ಆ ಒಂದು ಮಾತನ್ನು ಅವಳು ಮನಸ್ಸಿನೊಳಗೆ ಎಷ್ಟು ಸಲ ಬಿಡಿಸಿ ಮತ್ತೆ ಹೆಣೆದಿದ್ದಳೋ, ದೇವರೇ ಬಲ್ಲ.

"ಇನ್ನೊಂದು ವಿಷಯ ಇದೆ," ಎಂದ ಗಾರ್ಸೈಡ್. ಈ ಸಲ ಅವನ ದನಿಯಲ್ಲಿ ನಗು ಇರಲಿಲ್ಲ. "ನಿಮ್ಮ ಅಕ್ಕ ಮೇಗನ್. ಬ್ರನೋದಲ್ಲಿದ್ದಾರೆ."

ಮೇಗನ್ ಎಷ್ಟೋ ವರ್ಷದ ಹಿಂದೆ ಒಬ್ಬ ಚೆಕ್ ಪಿಯಾನೊ ವಾದಕನ ಬೆನ್ನು ಹತ್ತಿ ಆ ಕಡೆಗೆ, ರಷ್ಯದವರ ಕೈಕೆಳಗಿನ ನಾಡಿಗೆ, ಹೋದವಳು. ಇಂದಿಗೂ ತಿಂಗಳಿಗೊಂದು ಕಾಗದ ಬರುತ್ತದೆ, ಇಲ್ಲಿಂದ ಒಂದು ಕಟ್ಟು ಉಣ್ಣೆ ಹೋಗುತ್ತದೆ.

"ಅದನ್ನ ಯಾರು ಹೇಳಿದ್ರು?"

"ಫಿಚ್ ಅವರೇ. ಅವರಾಗಿಯೇ."

ಗೋಪುರದ ಮೆಟ್ಟಿಲಲ್ಲಿ ಒಮ್ಮೆ ಮಾತಿಗೆ ಮಾತು ಬಂದು ಅವನಿಗೆ ಹೇಳಿದ್ದಳು. ಅವನು ಹೋಗಿ ಅದನ್ನೂ ಒಪ್ಪಿಸಿಬಿಟ್ಟಿದ್ದ.

"ನೋಡಿ, ನಿಮ್ಮ ಅಕ್ಕನ ಮೇಲೆ ನಮಗೆ ಅನುಮಾನ ಇಲ್ಲ," ಎಂದ ಗಾರ್ಸೈಡ್. "ನಿಮ್ಮ ಮೇಲೂ ಇಲ್ಲ. ಆದ್ರೆ ಅಲ್ಲಿನ ಪೊಲೀಸರು ಒಂದಿನ ಅವರ ಕೈ ತಿರುಚಿದ್ರು ಅಂದ್ಕೊಳ್ಳಿ. ಅವರಿಗಾದ ನೋವು ನಿಮಗಾಗುತ್ತೆ. ನಿಮಗಾದದ್ದು ಫಿಚ್‌ಗಾಗುತ್ತೆ. ಹಾಗೆ ನೋಯೋ ಮನುಷ್ಯನ ಕೈಲಿ ನಾವು ಗುಟ್ಟು ಇಡೋದಿಲ್ಲ. ಅವರು ಕೆಟ್ಟವರು ಅಂತಲ್ಲ. ಎಲ್ಲಿ ಮುಟ್ಟಿದ್ರೆ ನೋಯುತ್ತೆ ಅಂತ ಹೊರಗಿನವರಿಗೆ ಗೊತ್ತಿರುತ್ತಲ್ಲ, ಅದಕ್ಕೆ."

"ಹಾಗಾದ್ರೆ ಏನಾಗುತ್ತೆ?"

"ಮದುವೆ ಅಂತಾದ್ರೆ ಒಳಗಿನ ಕೆಲಸ ಹೋಗುತ್ತೆ. ಸಂಬಳಕ್ಕೇನೂ ತೊಂದ್ರೆ ಇಲ್ಲ. ಕುರ್ಚಿ ಮೇಜು ಎಲ್ಲಿ ಹಾಕ್ಬೇಕು, ದೀಪ ಯಾವುದು ಕೆಟ್ಟಿದೆ, ಅಂಥ ಕಡೆ ಹಾಕ್ತಾರೆ."

"ಇದು ಅವರಿಗೆ ಗೊತ್ತಾ?"

"ನಿಯಮ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು, ಮಿಸ್ ಪ್ರಾಸರ್."

ಅಂಗಡಿಯ ಗಾಜಿನಾಚೆ ಜನ ಓಡಾಡುತ್ತಿದ್ದರು. ಡಿಲಿಸ್ ಬಾಗಿಲ ಬಳಿ ಬಿದ್ದಿದ್ದ ಉಂಡೆಯನ್ನು ನೋಡಿದಳು. ಹುಟ್ಟಿದಂದಿನಿಂದ ಚರ್ಚಿಗೆ ತಪ್ಪದೆ ಹೋದವಳು. ಸಣ್ಣದೊಂದು ಸುಳ್ಳಿಗೂ ರಾತ್ರಿ ಮಂಡಿಯೂರಿ ಕ್ಷಮೆ ಕೇಳಿದವಳು. ಈಗ ಬೆನ್ನು ನೆಟ್ಟಗೆ ಮಾಡಿ, ಒಂದೇ ಉಸಿರಿನಲ್ಲಿ ಹೇಳಿದಳು.

"ನನಗೆ ಅವರ ಮೇಲೆ ಅಂಥಾದ್ದೇನೂ ಇಲ್ಲ. ಅವರು ತಪ್ಪು ತಿಳ್ಕೊಂಡಿದ್ದಾರೆ."

ಗಾರ್ಸೈಡ್ ಬರೆದುಕೊಳ್ಳಲಿಲ್ಲ. ಅವಳ ಬೆರಳುಗಳನ್ನೇ ನೋಡುತ್ತಿದ್ದ. ಅವು ಮಡಿಲಲ್ಲಿ ಉಳಿದಿದ್ದ ನೂಲನ್ನು ಗಂಟಿನ ಮೇಲೆ ಗಂಟು ಹಾಕುತ್ತಿದ್ದವು.

"ಫಿಚ್ ಒಂದು ಹೇಳಿದ್ದಾರೆ, ನೀವೊಂದು ಹೇಳ್ತಿದ್ದೀರಿ," ಎಂದು ಎದ್ದು ಹ್ಯಾಟು ಹಾಕಿಕೊಂಡ. "ಸುಳ್ಳು ಬಂದ ಕಡೆ ನಾನು ಅಗೀತಾ ಹೋಗ್ಬೇಕಾಗುತ್ತೆ. ಅದು ಯಾರಿಗೂ ಒಳ್ಳೇದಲ್ಲ. ನಾಳೆ ಬೆಳಿಗ್ಗೆ ಮತ್ತೆ ಬರ್ತೀನಿ. ಇವತ್ತು ನೀವು ಹೇಳಿದ್ದು ನನ್ನ ಕಿವಿಗೆ ಬೀಳ್ಲಿಲ್ಲ. ವಯಸ್ಸಾಯ್ತು ನೋಡಿ."

ಬಾಗಿಲಲ್ಲಿ ಬಗ್ಗಿ ಉಂಡೆ ಎತ್ತಿ, ಗಲ್ಲಾಪೆಟ್ಟಿಗೆಯ ಮೇಲಿಟ್ಟು ಹೋದ.

ಅವನು ಹೋದದ್ದೇ ತಡ, ಪರದೆ ಸರಿಸಿಕೊಂಡು ಗ್ವ್ಲಾಡಿಸ್ ಚಿಕ್ಕಮ್ಮ ಬಂದಳು.

"ಏನೇ ಇದು! ಲೋಕದಲ್ಲಿ ಗಂಡಸು ಮೊದಲು ಹುಡುಗಿಗೆ ಹೇಳ್ತಾನೆ, ಆಮೇಲೆ ಪಾದ್ರಿಗೆ ಹೇಳ್ತಾನೆ. ಇವನು ಯಾವ ಸೀಮೆಯವನೇ, ಸೀದಾ ಹೋಗಿ ರಾಣಿಗೆ ಹೇಳಿದಾನೆ!"

"ಚಿಕ್ಕಮ್ಮ, ಸುಮ್ನಿರು."

"ನೀನು ಸುಳ್ಳು ಹೇಳಿದೆಯಲ್ಲೇ. ಆ ಮುದುಕನ ಮುಖ ನೋಡ್ಕೊಂಡೇ ಹೇಳಿದೆ!"

"ಅವರ ಕೆಲಸ ಉಳೀಲಿ ಅಂತ."

"ಉಳಿಸಿಕೊಡು ಅಂತ ಅವನು ಕೇಳಿದ್ನಾ?"

ಡಿಲಿಸ್ ಚಹಾಕ್ಕೆ ಸಕ್ಕರೆ ಹಾಕಿದಳು, ಕಲಕಿದಳು, ಮತ್ತೆ ಸಕ್ಕರೆ ಹಾಕಿದಳು. ಚಿಕ್ಕಮ್ಮ ಬಟ್ಟಲನ್ನು ಅವಳ ಮುಂದಿನಿಂದ ಎತ್ತಿಕೊಂಡು ಮೂಲೆಯ ಕೋಟು ತಂದು ಹೆಗಲಿಗೆ ಹಾಕಿದಳು.

"ಹೋಗೇ. ಆಫೀಸು ಬಿಡೋ ಹೊತ್ತಾಯ್ತು. ನಿನ್ನ ಸಂಗತಿ ರಾಜ್ಯಕ್ಕೆಲ್ಲ ಗೊತ್ತು, ನಿನಗೊಬ್ಬಳಿಗೇ ಗೊತ್ತಿಲ್ಲ."

ಆಫೀಸಿನ ಗೇಟಿನಾಚೆಯ ಬಸ್ ನಿಲ್ದಾಣದಲ್ಲಿ ಆಗಲೇ ಸಾಲು ನಿಂತಿತ್ತು. ಶರತ್ಕಾಲದ ಸಂಜೆ, ಗುಡ್ಡಗಳ ಮೇಲೆ ಜೇನಿನ ಬಣ್ಣದ ಬಿಸಿಲು. ಬೂದು ಕೋಟಿನವರು, ಛತ್ರಿಯವರು, ಪತ್ರಿಕೆ ಹಿಡಿದವರು. ಎಲ್ಲರೂ ಒಬ್ಬರ ಪಕ್ಕ ಒಬ್ಬರು ನಿಂತೂ ಒಬ್ಬರನ್ನೊಬ್ಬರು ಕಾಣದವರಂತೆ ನಿಂತಿದ್ದರು. ರೋಲಂಡ್ ಗೇಟು ದಾಟಿ ಬಂದ. ಅವಳನ್ನು ಕಂಡ. ಮುಖ ಮೊದಲು ಅರಳಿತು, ಅವಳ ಕಣ್ಣು ನೋಡಿದ ಮೇಲೆ ಬಾಡಿತು.

"ಗಾರ್ಸೈಡ್ ಬಂದಿದ್ರು," ಎಂದಳು.

"ಇಷ್ಟು ಬೇಗನಾ?"

"ಬೇಗನಾ ಅಂದ್ರೆ?"

"ಆರು ತಿಂಗಳಾದ್ರೂ ತಗೋತಾರೆ, ಸಾಮಾನ್ಯವಾಗಿ." ಅವನು ಛತ್ರಿಯನ್ನು ಕೈಯಿಂದ ಕೈಗೆ ಬದಲಿಸಿದ. "ಅಷ್ಟರೊಳಗೆ ನಾನು ಧೈರ್ಯ ಮಾಡಿ ನಿಮ್ಮ ಹತ್ರ... ಕ್ರಿಸ್ಮಸ್ಸಿಗೆ ಅಂದ್ಕೊಂಡಿದ್ದೆ."

ಅವಳಿಗೆ ನಗು ಬಂತು, ಅಳು ಬಂತು, ಕೈಚೀಲದಲ್ಲಿ ಅವನಿಗೆ ಎರಡು ಬಾರಿಸಬೇಕೆಂದೂ ಅನ್ನಿಸಿತು.

"ಸರ್ಕಾರಕ್ಕೆ ಹೇಳಕ್ಕೆ ಧೈರ್ಯ ಬಂತು. ನನಗೆ ಹೇಳಕ್ಕೆ ಬರ್ಲಿಲ್ವಾ?"

"ಸರ್ಕಾರ ಬೇಡ ಅಂದ್ರೆ ನಿದ್ದೆ ಬರುತ್ತೆ, ಡಿಲಿಸ್," ಎಂದ ಅವನು. "ನೀವು ಬೇಡ ಅಂದ್ರೆ ಬರಲ್ಲ."

ಅವಳ ಕೋಪದ ಕಾಲು ಮುರಿದುಬಿತ್ತು. ಆದರೂ ಹೇಳಬೇಕಾದದ್ದನ್ನು ಹೇಳಲೇಬೇಕಿತ್ತು.

"ನಾನು ಅವರಿಗೆ ಇಲ್ಲ ಅಂದ್ಬಿಟ್ಟೆ."

ರೋಲಂಡ್ ಕೈಯಲ್ಲಿದ್ದ ಛತ್ರಿಯನ್ನು ನೆಲಕ್ಕೂರಿಕೊಂಡ, ಮುದುಕರು ಊರುಗೋಲು ಊರುವಂತೆ. ಒಂದೇ ಕ್ಷಣದಲ್ಲಿ ಮನುಷ್ಯ ಹೀಗೂ ಬೆಳ್ಳಗಾಗಬಹುದೇ ಎಂದು ಡಿಲಿಸಳಿಗೆ ಗಾಬರಿಯಾಯಿತು.

"ಸುಳ್ಳು ಹೇಳಿದೆ!" ಎಂದಳು, ಅವಸರದಿಂದ. "ನಿಮ್ಮ ಕೆಲಸ ಹೋಗುತ್ತೆ ಅಂದ್ರು. ಮೇಗನ್‌ನಿಂದ. ನನ್ನಿಂದ. ನೀವ್ಯಾಕೆ ಮೇಗನ್ ವಿಷಯ ಹೇಳಿದ್ರಿ?"

ಅವನು ಛತ್ರಿಯನ್ನು ನೆಲದಿಂದ ಎತ್ತಿಕೊಂಡ.

"ಅದನ್ನ ಮುಚ್ಚಿಟ್ಟು ನಿಮ್ಮನ್ನ ಮದುವೆಯಾದ್ರೆ, ನಿಮ್ಮನ್ನೇ ಮುಚ್ಚಿಟ್ಟ ಹಾಗಾಗುತ್ತೆ. ಜೀವನವಿಡೀ ನಿಮ್ಮ ಮನೆಗೆ ಬರೋ ಕಾಗದ ಕಂಡ್ರೆ ಹೆದರ್ತಾ ಕೂರ್ಬೇಕಿತ್ತು. ನನಗದು ಬೇಡ ಅನ್ನಿಸ್ತು."

"ಏನು ಬಿಡ್ತಿದ್ದೀರಿ ಅಂತ ಹೇಳಿ. ತೂಗಿ ನೋಡಿ ಆಮೇಲೆ ಹೂಂ ಅಂತೀನಿ, ಉಹೂಂ ಅಂತೀನಿ."

"ಹೇಳಕ್ಕಾಗಲ್ಲ."

"ಒಂಚೂರು."

"ಒಂಚೂರೂ ಇಲ್ಲ. ಇವತ್ತೂ ಇಲ್ಲ, ನಾವಿಬ್ರೂ ಹಲ್ಲು ಬಿದ್ದ ಮುದುಕರಾದ್ಮೇಲೂ ಇಲ್ಲ."

"ದೊಡ್ಡದಾ ಅದು?"

ಅವನು ಛತ್ರಿಯ ಹಿಡಿಯನ್ನೊಮ್ಮೆ ತಿರುಗಿಸಿದ.

"ಆ ಕೆಲಸ ಇಷ್ಟಾನಾ ನಿಮಗೆ?"

ರೋಲಂಡ್ ಹಿಂದಿರುಗಿ ನೋಡಿದ. ಕಟ್ಟಡದ ಕಿಟಕಿಗಳಲ್ಲಿ ಒಂದೊಂದೇ ದೀಪ ಹೊತ್ತಿಕೊಳ್ಳುತ್ತಿತ್ತು. ಅವುಗಳಲ್ಲಿ ಯಾವುದೋ ಒಂದು ಕಿಟಕಿಯ ಮೇಲೆ ಅವನ ಕಣ್ಣು ನಿಂತಿತು. ತಾನು ಹುಟ್ಟಿ ಬೆಳೆದ ಮನೆಯನ್ನು ಬಿಟ್ಟು ಹೊರಟವನು ಗಾಡಿಯೊಳಗಿಂದ ನೋಡುವಂತೆ ನೋಡಿದ. ಆಮೇಲೆ ಅವಳ ಕಡೆ ತಿರುಗಿದ. ಮತ್ತೆ ಆ ಕಡೆ ನೋಡಲಿಲ್ಲ.

ಡಿಲಿಸಳಿಗೆ ಆಗ ಅರ್ಥವಾಯಿತು. ಈ ಮನುಷ್ಯ ತನ್ನ ಬಾಳಿನ ಅತಿ ದೊಡ್ಡದನ್ನು ಅವಳ ಮುಂದೆ ಇಡುತ್ತಿದ್ದಾನೆ, ಅದು ಏನೆಂದು ಅವಳು ಎಂದೂ ಕಾಣಲಾರಳು. ಒಂದು ದಿನ ಜಗಳವಾಡಿ ನಿನಗಾಗಿ ಇಷ್ಟೆಲ್ಲ ಬಿಟ್ಟೆ ಎಂದು ಎತ್ತಿ ಆಡಲೂ ಅವನಿಗೆ ಬರುವುದಿಲ್ಲ. ತೂಗಿ ನೋಡಿ ತೆಗೆದುಕೊಳ್ಳುತ್ತೇನೆ ಎಂದಿದ್ದಳಲ್ಲ, ಅವಳಿಗೆ ನಾಚಿಕೆಯಾಯಿತು. ದೇವರು ನಮಗೆ ಕೊಟ್ಟದ್ದರ ಬೆಲೆಯನ್ನು ಎಂದಾದರೂ ತೋರಿಸಿದ್ದಾನೆಯೇ? ಕೈ ಚಾಚಿ ತೆಗೆದುಕೊಳ್ಳುವುದಷ್ಟೇ ನಮ್ಮ ಪಾಲಿನ ಕೆಲಸ.

"ಹಾಗಾದ್ರೆ ನನಗೆ ಹೇಳಿ," ಎಂದಳು. "ಅವರಿಗೆ ಹೇಳಿದ್ದನ್ನ ನನಗೆ ಹೇಳಿ."

ಅವನು ಸಾಲಿನ ಕಡೆ ಕಣ್ಣು ಹಾಯಿಸಿದ. "ಇಲ್ಲೇನಾ?"

"ಇಲ್ಲೇ."

ಅವನು ಬಗ್ಗಿ, ಅವಳ ಕಿವಿಯ ಹತ್ತಿರ ಏನೋ ಗುನುಗಿದ.

"ಕೇಳಿಸ್ಲಿಲ್ಲ."

"ಡಿಲಿಸ್, ಜನ ಇದ್ದಾರೆ."

"ಇರ್ಲಿ. ನನ್ನ ವಿಷಯ ಗುಟ್ಟಲ್ಲ ಅಂತ ನೀವೇ ತಾನೆ ಹೋಗಿ ಹೇಳಿ ಬಂದಿದ್ದು?"

ಇಪ್ಪತ್ತು ವರ್ಷ ದನಿಯೆತ್ತದ ರೋಲಂಡ್ ಫಿಚ್ ಕನ್ನಡಕ ಸರಿಮಾಡಿಕೊಂಡ. ಎದೆ ತುಂಬ ಉಸಿರೆಳೆದುಕೊಂಡ.

"ಡಿಲಿಸ್ ಪ್ರಾಸರ್! ನನ್ನ ಮದುವೆಯಾಗ್ತೀಯಾ?"

ಆ ಕೂಗಿಗೆ ಗೇಟಿನ ಮೇಲಿದ್ದ ಪಾರಿವಾಳಗಳು ಭರ್ರನೆ ಎದ್ದವು. ಸಾಲಿನಲ್ಲಿ ಒಬ್ಬರೂ ತಲೆ ತಿರುಗಿಸಲಿಲ್ಲ. ಒಬ್ಬ ಆಕಾಶ ನೋಡಿದ. ಒಬ್ಬ ಪತ್ರಿಕೆಯ ಹಾಳೆ ಮಗುಚಿದ. ಹಸಿರು ಸ್ಕಾರ್ಫಿನ ಹೆಂಗಸೊಬ್ಬಳ ಭುಜ ಮಾತ್ರ ಸಣ್ಣಗೆ ಕುಲುಕುತ್ತಿತ್ತು.

"ಆಗ್ತೀನಿ!" ಎಂದಳು ಡಿಲಿಸ್. ಅವನಿಗಿಂತ ಜೋರಾಗಿಯೇ ಹೊರಟುಬಿಟ್ಟ ದನಿಗೆ ತಾನೇ ಬೆಚ್ಚಿ ಬಾಯಿಗೆ ಕೈ ಇಟ್ಟುಕೊಂಡಳು. ಆಮೇಲೆ ಕೈ ತೆಗೆದು ಮೆಲ್ಲಗೆ ಹೇಳಿದಳು, "ನಾಳೆ ಬೆಳಿಗ್ಗೆ ಗಾರ್ಸೈಡ್ ಬರ್ತಾರೆ. ಅವರಿಗೂ ಇದನ್ನೇ ಹೇಳ್ತೀನಿ."

ಬಸ್ಸು ಬಂತು. ಎಲ್ಲರೂ ಒಬ್ಬೊಬ್ಬರಾಗಿ ಹತ್ತಿದರು. ಡ್ರೈವರ್ ಕತ್ತು ಹೊರಚಾಚಿ, ಇನ್ನೂ ನಿಂತೇ ಇದ್ದ ಇಬ್ಬರನ್ನು ನೋಡಿದ.

"ಏನ್ರೀ, ಅವರು ಹತ್ತಲ್ವಾ?"

"ಇಲ್ಲ, ಅವರು ನಡ್ಕೊಂಡು ಬರ್ತಾರೆ," ಎಂದ ಪತ್ರಿಕೆಯವನು, ಹಾಳೆಯಿಂದ ಕಣ್ಣೆತ್ತದೆಯೇ. "ನೀವು ಹೊರಡಿ."