ಸೀಬೆ ಎಲೆಯ ಮೊದಲ ಲೋಟ

"ಬಾಗಿಲು! ಬಾಗಿಲು ನಿಧಾನ!"

ಭುವನೇಶ್ವರಿ ಕೂಗುವಷ್ಟರಲ್ಲಿ ಲ್ಯಾಬಿನ ಬಾಗಿಲು ಬಂದು ಮೇಜಿಗೆ ಬಡಿದಿತ್ತು. ಬ್ಯೂರೆಟ್ ಎಂಬ ಗಾಜಿನ ನಳಿಕೆಯಿಂದ ಹನಿಗಳು ತಟತಟನೆ ಉದುರಿ, ತಿಳಿಗುಲಾಬಿಯಲ್ಲಿ ನಿಲ್ಲಬೇಕಿದ್ದ ಕೆಳಗಿನ ಗಾಜಿನ ಫ್ಲಾಸ್ಕಿನ ದ್ರವ ಕಡುಗುಲಾಬಿಯಾಯಿತು. ಬೆಳಗಿನಿಂದ ಮಾಡಿದ ಪರೀಕ್ಷೆ ಹಾಳು!

ಮೂಟೆ ಹೊತ್ತು ನಿಂತಿದ್ದವನು ಪರಮಾನಂದ. ಪೀಣ್ಯದ ಆ ಗಿಡಮೂಲಿಕೆ ಕಂಪನಿಯ ಸ್ಟೋರ್ಸ್‌ಗೆ ಹೊಸದಾಗಿ ಬಂದ ಸೂಪರ್‌ವೈಸರ್. ದಪ್ಪ ಮೈ, ಬೆವರಿದ ಮುಖ.

"ತಪ್ಪಾತ್ರಿ ಮೇಡಂ! ಪೇರಲ ಎಲಿ ತಂದಿದ್ದೆ... ಆದ್ರೂ ಏನ್ ಚಂದ ಬಣ್ಣ ಬಂದೈತ್ರಿ!"

"ಇಷ್ಟು ಚಂದ ಬರಬಾರದಿತ್ತು," ಎಂದಳು ಅವಳು ಮುಖ ಊದಿಸಿಕೊಂಡು.

ಅವನು ಹೋದ ಮೇಲೆ ನಗು ಬಂತು. ಯಾರೆದುರೂ ಬಾಯಿ ಬಿಡದ ನಾನು ಹಾಗೆ ಕೂಗಿಬಿಟ್ಟೆನಾ?

ತಿಂದ ಜಿಡ್ಡನ್ನು ಒಡೆದು ಮೈಗೆ ಸೇರಿಸುವುದು ಲೈಪೇಸ್ ಎಂಬ ಕಿಣ್ವ. ಅದನ್ನು ಯಾವ ಎಲೆಯ ಸಾರ ತಡೆಯುತ್ತದೆಂದು ಹುಡುಕುವುದು ಅವಳ ಕೆಲಸ. ಎಷ್ಟೋ ಎಲೆಗಳು ಕೈಕೊಟ್ಟಿದ್ದವು.

"ಇವತ್ತರೆ ಗೆದ್ವೇನ್ರಿ?" ಮೂಟೆ ಇಳಿಸುವಾಗಲೆಲ್ಲ ಅವನು ಕೇಳುತ್ತಿದ್ದ. ಅವಳು ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಬರಬರುತ್ತಾ ಆ ಪ್ರಶ್ನೆಗಾಗಿಯೇ ಕಿವಿ ಬಾಗಿಲಲ್ಲಿರತೊಡಗಿತು.

ಒಂದು ಸಂಜೆ ಕೆಲವೇ ಹನಿಗಳಿಗೆ ಗುಲಾಬಿ ಬಣ್ಣ ನಿಂತುಬಿಟ್ಟಿತು. ಎಣ್ಣೆ ಒಡೆದು ಆಮ್ಲ ಬಿಟ್ಟಷ್ಟೂ ಹೆಚ್ಚು ಹನಿ ಬೇಕು; ಇಲ್ಲಿ ಫ್ಲಾಸ್ಕಿನ ಎಣ್ಣೆ ಒಡೆದೇ ಇರಲಿಲ್ಲ! ಅವನು ‘ಪೇರಲ’ ಎಂದು ತಂದಿದ್ದ ಸೀಬೆ ಎಲೆ ಗೆದ್ದಿತ್ತು!

ಮರುದಿನ ಲಗ್ಗೆರೆಯ ತನ್ನ ಮನೆಯಲ್ಲಿ ಸೀಬೆ ಎಲೆ ಕುದಿಸಿ, ಕಷಾಯವನ್ನು ಥರ್ಮಾಸ್‌ನಲ್ಲಿ ತಂದಳು. ಊಟದ ಹೊತ್ತಿಗೆ ಒಂದು ಲೋಟ ಬಗ್ಗಿಸಿ ಅವನ ಮುಂದೆ ಸರಿಸಿದಳು. ಗೆದ್ದ ಸುದ್ದಿಯನ್ನು ಹೇಗೆ ಶುರುಮಾಡಲಿ ಎಂದು ಥರ್ಮಾಸ್ ಮುಚ್ಚಳ ತಿರುವುತ್ತಾ ಕೂತಳು.

"ಓಹೋ! ಪರಮಣ್ಣಂಗೆ ಕೊಬ್ಬು ಇಳಿಸೋ ಟ್ರೀಟ್‌ಮೆಂಟಾ?" ಲ್ಯಾಬಿನ ಗೆಳತಿ ಶೈಲಶ್ರೀ ಕಿಸಕ್ಕನೆ ನಕ್ಕಳು.

ಪರಮಾನಂದನ ಮುಖ ಸಪ್ಪಗಾಯಿತು. ಹಿಂದಿನ ಭಾನುವಾರವಷ್ಟೇ ಒಂದು ಹೆಣ್ಣಿನ ಮನೆಯವರು, ಹುಡುಗ ಭಾಳ ದಪ್ಪ ಎಂದು ಹೇಳಿ ಕಳಿಸಿದ್ದರು. ಭುವನೇಶ್ವರಿಗೆ ಅದು ಗೊತ್ತಿರಲಿಲ್ಲ.

"ನೀವೂ ಅದನ್ನ ನೋಡಿದ್ರೇನ್ರಿ?"

ಗಟಗಟನೆ ಕುಡಿದು ಎದ್ದುಹೋದ. ಅಲ್ಲ... ಅಲ್ಲ! ಎನ್ನಬೇಕೆಂದು ಅವಳು ಏಳುವಷ್ಟರಲ್ಲಿ ಅವನು ಬಾಗಿಲು ದಾಟಿದ್ದ.

ಮತ್ತೆ ಅವನು ಲ್ಯಾಬಿಗೆ ಬರಲಿಲ್ಲ. ಮೂಟೆಗಳನ್ನು ಬೇರೆ ಯಾರೋ ತಂದಿಟ್ಟರು. ಅವಳು ಕೂತಳು, ಎದ್ದಳು, ಕಿಟಕಿಗೆ ಹೋದಳು, ಬ್ಯೂರೆಟ್ ತುಂಬಿಸುವುದನ್ನೇ ಮರೆತಳು.

"ಪರಮಣ್ಣ ಸೋಮವಾರದಿಂದ ವೈಟ್‌ಫೀಲ್ಡ್ ಗೋಡೌನ್‌ಗಂತೆ. ಅವನೇ ಕೇಳ್ಕೊಂಡ್ನಂತೆ," ಎಂದಳು ಶೈಲಶ್ರೀ. "ನಾನು ತಮಾಷೆಗೆ ಅಂದಿದ್ದು ಕಣೇ... ನೀನಾದ್ರೂ ಬಾಯಿ ಬಿಡಬಾರ್ದಾ?"

ಡೈರಿಯಲ್ಲಿ ಪುಟಗಟ್ಟಲೆ ಬರೆಯಬಲ್ಲೆ. ಅವನಿಗೆ ಕೇಳಿಸುವುದು ಹೇಗೆ?

ಶನಿವಾರ ಥರ್ಮಾಸ್ ಹಿಡಿದು ಸ್ಟೋರ್ಸ್‌ಗೆ ಓಡಿದಳು. ಅವನು ಎಲೆಯ ಕೊನೆಯ ಮೂಟೆಯನ್ನು ಹೊತ್ತು ವೈಟ್‌ಫೀಲ್ಡ್‌ಗೆ ಹೋಗುವ ಲಾರಿಯ ಕಡೆ ಹೊರಟಿದ್ದ.

"ರೀ, ನಿಂತ್ಕೊಳ್ಳಿ!"

ಲೋಡಿಂಗ್‌ನವರೆಲ್ಲ ತಿರುಗಿ ನೋಡಿದರು. ಅವಳು ಥರ್ಮಾಸನ್ನು ಮುಂದೆ ಚಾಚಿದಳು.

"ನಿಮ್ಮ ಮೈ ನೋಡಿ ಕೊಟ್ಟಿದ್ದಲ್ಲ! ನೀವು ತಂದ ಎಲೆನೇ ಗೆದ್ದಿದ್ದು. ದಿನಾ ಕೇಳ್ತಿದ್ರಲ್ಲ... ಗೆದ್ವಿ ಅಂತ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ. ಮೊದಲ ಲೋಟ ನಿಮಗೇ ಅಂತ ತಂದೆ. ಅದು ಕೊಬ್ಬಿಗೆ ಅನ್ನೋದು ನೆನಪೇ ಆಗ್ಲಿಲ್ಲ!"

"ದಿನಾ ಅದಽ ಕೆಲಸ ಮಾಡೋರು, ಅದನ್ನಽ ಮರೆತ್ರೇನ್ರಿ?"

"ನಿಮ್ಮನ್ನ ನೋಡಿದ್ರೆ ಎಲ್ಲಾ ಮರೆತೋಗುತ್ತೆ..."

ಅಯ್ಯೋ, ಅಂದೇಬಿಟ್ಟೆ!

ಅವನು ಮೂಟೆ ಇಳಿಸಿದ. ಬುತ್ತಿ ಬಿಚ್ಚಿ ಶೇಂಗಾ ಹೋಳಿಗೆ ಮುರಿದು ಚಾಚಿದ. "ತಗೋರಿ. ತುಪ್ಪ ಜಾಸ್ತಿ ಐತಿ."

ಅವಳು ತಿಂದಳು. ಅವನು ಕಷಾಯ ಬಗ್ಗಿಸಿಕೊಂಡ.

"ಇದು ಖರೇನ ಕೊಬ್ಬು ತಡೀತೈತೇನ್ರಿ?"

"ಲ್ಯಾಬಿನ ಫ್ಲಾಸ್ಕಲ್ಲಿ ತಡೆಯುತ್ತೆ. ಮನುಷ್ಯರಲ್ಲಿ ಇನ್ನೂ ಗೊತ್ತಿಲ್ಲ."

"ಗೊತ್ತಾಗಾಕ ಎಷ್ಟು ದಿನ ಕುಡೀಬೇಕ್ರಿ?"

"ದಿನ ಅಲ್ಲ..." ಅವಳು ತಲೆಯೆತ್ತಿದಳು. "ವರ್ಷಗಟ್ಟಲೆ. ನಾನೇ ಕುದಿಸ್ಕೊಡ್ತೀನಿ."

"ಹಂಗಾದ್ರ ವೈಟ್‌ಫೀಲ್ಡ್ ಭಾಳ ದೂರ ಆಕ್ಕೈತ್ರಿ!"

ಮೂಟೆಯನ್ನು ಮತ್ತೆ ಹೆಗಲಿಗೇರಿಸಿ, ಲಾರಿಗೆ ಬೆನ್ನು ಮಾಡಿ ಅವನು ಲ್ಯಾಬಿನ ಕಡೆ ಹೊರಟ.

"ಬರ್ರಿ... ಈ ಸಲ ಬಾಗಿಲಾ ನಿಧಾನ ತೆಗೀತೀನಿ."