ಏಳನೇ ಬಿಲ್ಲೆ

"ಒಳಗೆ ಹೋಗಿ, ಫೋಟೊ ಹೊಡ್ಕೊಳ್ಳಿ. ಆದ್ರೆ ಹಲಗೆ ಮೇಲಿನ ಬಿಲ್ಲೆ ಮಾತ್ರ ಮುಟ್ಟಬೇಡಿ."

ಬೆಟ್ಟದ ಮೇಲಿನ ಹಾಳು ಗಣಿಯ ಕಬ್ಬಿಣದ ಬಾಗಿಲಿಗೆ ಆತು ನಿಂತಿದ್ದ ಮುದುಕ ಒಂದು ಕಾಲಕ್ಕೆ ಅಲ್ಲಿಯ ಹಾಜರಿ ಮೇಸ್ತ್ರಿ. ಗಣಿಗಿಳಿಯುವ ಆಳು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಹಲಗೆಗೆ ನೇತುಹಾಕಬೇಕು, ಮೇಲೆ ಬಂದಾಗ ತೆಗೆದುಕೊಳ್ಳಬೇಕು. ಗಣಿ ಕುಸಿದ ದಿನ ಹನ್ನೊಂದು ಬಿಲ್ಲೆಗಳು ಹಾಗೇ ಉಳಿದವು. ಮಾಲೀಕ ಅಗೆಸುವ ಗೋಜಿಗೇ ಹೋಗಲಿಲ್ಲ.

"ಏಳನೇದು ನನ್ನ ತಮ್ಮಂದು. ನಮ್ಮಮ್ಮ ಹೊಟ್ಟೆ ಉರಿದು ಮಾಟ ಮಾಡಿಸಿದ್ಲು. ಬಿಲ್ಲೆ ತೆಗೆದ್ರೆ ಅದರವನು ಹೊರಗೆ ಬರ್ತಾನೆ, ತೆಗೆದವನು ಒಳಗೆ ಉಳೀತಾನೆ."

"ಹಾಗಾದ್ರೆ ನೀವೇ ತೆಗೀಬಹುದಿತ್ತಲ್ಲ ಅಜ್ಜಾ?" ಫೋಟೊಗ್ರಾಫರ್ ಕಿಸಕ್ಕನೆ ನಕ್ಕ.

ಮುದುಕ ನೆಲ ನೋಡಿದ. "ಧೈರ್ಯ ಬರಲಿಲ್ಲ. ನಲವತ್ತು ವರ್ಷ ಆಯ್ತು."

ಜೀಪಿನಲ್ಲಿ ಕೂತಿದ್ದ ಫೋಟೊಗ್ರಾಫರನ ಹೆಂಡತಿ ಐದು ತಿಂಗಳ ಬಸುರಿ. "ಬೇಡ ರೀ, ನಂಗ್ಯಾಕೋ ಸರಿ ಕಾಣ್ತಿಲ್ಲ," ಎಂದಳು.

"ಅಜ್ಜನ ಕಂತೆ ಪುರಾಣಕ್ಕೆಲ್ಲ ಹೆದರ್ತೀಯಾ? ಅರ್ಧ ಗಂಟೆ, ಬಂದೆ."

ಹಟಮಾರಿ ಮನುಷ್ಯ. ಬೇಡ ಎಂದದ್ದನ್ನೇ ಮಾಡಬೇಕು ಅವನಿಗೆ.

ಒಳಗೆ ಬಾವಲಿ ಹಿಕ್ಕೆಯ ಘಾಟು, ಕೊಳೆತ ಮರದ ವಾಸನೆ. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಇಪ್ಪತ್ತು ಹೆಜ್ಜೆ ಇಡುವಷ್ಟರಲ್ಲಿ ಹಗಲೆಲ್ಲ ಹಿಂದೆ ಉಳಿಯಿತು. ಟಾರ್ಚಿನ ಬೆಳಕಿಗೆ ಹಲಗೆ ಸಿಕ್ಕಿತು. ಒಂದೊಂದು ಬಿಲ್ಲೆಗೂ ನರೆತ ಕೂದಲು ಸುತ್ತಿ ಕರಿದಾರ ಬಿಗಿದಿದ್ದರು. ಸುತ್ತಮುತ್ತ ಒಣ ಧೂಳು, ಬಿಲ್ಲೆಗಳು ಮಾತ್ರ ಬೆವರಿದ್ದವು.

ಅವನು ಏಳನೆಯದನ್ನು ಕಿತ್ತು ಜೇಬಿಗಿಳಿಸಿದ. ಸಾಲದ್ದಕ್ಕೆ ತನ್ನ ಕೊರಳಿನ ಐಡಿ ಕಾರ್ಡನ್ನು ಆ ಮೊಳೆಗೆ ತಗುಲಿಹಾಕಿ, "ನಮ್ಮದೂ ಡ್ಯೂಟಿ ಶುರು!" ಎನ್ನುತ್ತ ಕ್ಯಾಮೆರಾ ಒತ್ತಿದ.

ಫ್ಲ್ಯಾಶ್ ಮಿಂಚಿತು. ಕಾರ್ಡಿನಲ್ಲಿ ಅವನ ಮುಖವೇ ಇರಲಿಲ್ಲ.

ಟಾರ್ಚ್ ಆರಿತು. ಆಳದಿಂದ ಹೆಜ್ಜೆ ಸಪ್ಪಳ. ಒಂದು ಕಾಲು ಊರುತ್ತ, ಒಂದು ಕಾಲು ಎಳೆಯುತ್ತ. ಹಸಿಮಣ್ಣಿನ ವಾಸನೆ ಮೂಗಿಗೆ ಅಡರಿತು. ತಣ್ಣನೆಯ ಭುಜವೊಂದು ಅವನ ಭುಜಕ್ಕೆ ಉಜ್ಜಿಕೊಂಡು ಹಾದುಹೋಯಿತು. ಕಾರ್ಡಿಗೆ ಕೈ ಹಾಕಿ ಎಳೆದ. ಬರಲಿಲ್ಲ. ಜೋತುಬಿದ್ದು ಎಳೆದ. ಬರಲಿಲ್ಲ. ಓಡಿದ. ಎಡವಿದ. ಎದ್ದ. ಬೆಳಕು ಕಂಡಿತು. ಬಾಗಿಲು ಮುಚ್ಚಿತ್ತು.

ಕಂಬಿಗಳ ಸಂದಿಯಲ್ಲಿ ನೋಡಿದ. ಅವನದೇ ಅಂಗಿ, ಅವನದೇ ಮುಖ ಹೊತ್ತವನೊಬ್ಬ ಎಡಗಾಲು ಎಳೆಯುತ್ತ ಜೀಪಿನ ಹತ್ತಿರ ಹೋಗುತ್ತಿದ್ದ.

"ಕಾಲಿಗೇನಾಯ್ತು ರೀ? ಅಯ್ಯೋ, ಮೈ ಯಾಕಿಷ್ಟು ತಣ್ಣಗಿದೆ!"

"ಎಡವಿದೆ. ನಡಿ, ಮನೆಗೆ ಹೋಗೋಣ." ಅದು ಅವನದೇ ದನಿ.

ಗಂಟಲು ಹರಿಯುವಂತೆ ಕಿರುಚಿದ. ಅವಳಿಗೆ ಕೇಳಿಸಲಿಲ್ಲ. ಮುದುಕನಿಗೆ ಕೇಳಿಸಿತು. ಕಣ್ಣಲ್ಲಿ ನೀರು, ಕೈಯಲ್ಲಿ ಬೀಗ ಹಿಡಿದು ಬಂದ.

"ಅಜ್ಜಾ, ಬಾಗಿಲು ತೆಗೀರಿ! ಅವಳ ಹೊಟ್ಟೇಲಿ ನನ್ನ ಮಗು ಇದೆ!"

"ಹೇಳಿದ್ದೆನಲ್ಲಪ್ಪಾ," ಎಂದ ಮುದುಕ. "ನನ್ನ ತಮ್ಮ ಚಿಕ್ಕಂದಿನಿಂದ್ಲೂ ಹಾಗೇ ಕುಂಟ್ತಿದ್ದ."

ಬೀಗ ಬಿತ್ತು. ಜೀಪು ಇಳಿಜಾರಿನಲ್ಲಿ ಮರೆಯಾಯಿತು. ಬೆನ್ನ ಹಿಂದಿನ ಕತ್ತಲಲ್ಲಿ ಹತ್ತು ಜನ ಒಟ್ಟಿಗೆ ಕೆಮ್ಮಿದರು.